ಗೀಸರ್ ಬಿಚ್ಚಿಸುವ ಕಾಲ
ನೀರು ಹೆಪ್ಪುಗಟ್ಟಿದರೆ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಶಿಮ್ಲಾದಲ್ಲಿ ಪೈಪು ಒಡೆಯುವುದು ಅದಕ್ಕೇ. ಹಿಂದೂಪುರ, ಕಲ್ಯಾಣದುರ್ಗದ ಚಳಿಗೆ ಅಷ್ಟು ತಾಕತ್ತಿಲ್ಲ. ಇಲ್ಲಿ ಕಾಟ ಕೊಡುವುದು ಬೋರ್‌ವೆಲ್‌ನ ಗಡಸು ನೀರು. ಕಾಯಿಸಿದಷ್ಟೂ ಅದರ ಸುಣ್ಣ ಗೀಸರಿನ ಕಾಯಿಲ್‌ಗೆ ಬಿಳಿ ಚಿಪ್ಪಾಗಿ ಮೆತ್ತಿಕೊಳ್ಳುತ್ತದೆ. ಕರೆಂಟು ಬಿಲ್ ಏರುತ್ತದೆ, ನೀರು ಮಾತ್ರ ಬೇಗ ಕಾಯದು. ಕಾರ್ತಿಕ ಮುಗಿಯುವ ಮೊದಲೇ ಬಿಚ್ಚಿಸಿ ಕೆರೆಸಿಬಿಡಿ. ಶವರಿನ ತೂತು ಕಟ್ಟಿದ್ದರೆ ರಾತ್ರಿ ವಿನೆಗರ್‌ನಲ್ಲಿ ನೆನೆಹಾಕಿ ಉಜ್ಜಿದರಾಯಿತು. ತಾರಸಿಯ ಸೋಲಾರ್ ಪೈಪಿನಿಂದ ಬೆಳಗ್ಗೆ ಮೊದಲು ಇಳಿಯುವ ತಣ್ಣೀರನ್ನು ಬಕೆಟ್ಟಿಗೆ ಹಿಡಿಯಿರಿ. ಅನಂತಪುರ ಸೀಮೆಯಲ್ಲಿ ಚೆಲ್ಲುವಷ್ಟು ನೀರು ಯಾರ ಮನೆಯಲ್ಲಿದೆ? ಇನ್ನೊಂದು: ಗೀಸರಿನ ಸೇಫ್ಟಿ ವಾಲ್ವ್ ತೊಟ್ಟಿಕ್ಕುತ್ತದೆಂದು ಅದಕ್ಕೆ ಬಿರಡೆ ಜಡಿಯಬೇಡಿ. ಕಾದ ನೀರಿನ ಒತ್ತಡ ಹೊರಹೋಗುವ ದಾರಿ ಅದು.