ಟಿಕೆಟ್ ಇಲ್ಲದವರಿಗೂ ಒಂದು ಕುರ್ಚಿ

ಲಂಡನ್ನಿಗೆ ಬಂದ ನಮ್ಮವರು ಹೆಚ್ಚುಕಮ್ಮಿ ಎಲ್ಲರೂ ಮಾಡೋ ಒಂದು ಕೆಲಸ, ಥೇಮ್ಸ್ ದಡದ ಬಸವಣ್ಣನ ಪ್ರತಿಮೆ ಮುಂದೆ ಫೋಟೋ ತೆಗೆಸಿಕೊಳ್ಳೋದು. 2015ರ ನವೆಂಬರಿನಲ್ಲಿ ಅನಾವರಣವಾದ ಪ್ರತಿಮೆ, ಲ್ಯಾಂಬೆತ್ ಸೇತುವೆ ಹತ್ತಿರ ಇದೆ. ಒಳ್ಳೇದೇ. ಅಲ್ಲಿಂದ ಅದೇ ದಡದಲ್ಲಿ ನಡ್ಕೊಂಡು ಬಂದು ಲಂಡನ್ ಐ ಎದುರು ಇನ್ನೊಂದು ಫೋಟೋ. ಮುಗೀತು, ಟ್ಯೂಬ್ ಹಿಡಿದು ವಾಪಸ್. ಇನ್ನೊಂದೈದು ನಿಮಿಷ ನಡೆದು ಹಂಗರ್‌ಫರ್ಡ್ ರೈಲ್ವೆ ಸೇತುವೆ ದಾಟಿದ್ರೆ ರಾಯಲ್ ಫೆಸ್ಟಿವಲ್ ಹಾಲ್ ಸಿಗುತ್ತಿತ್ತು. ನನ್ನ ಪ್ರಕಾರ ಈ ಊರಲ್ಲಿ ನೋಡಲೇಬೇಕಾದ ಕಟ್ಟಡ ಅದು.

ಇದು ಪ್ರವಾಸ ಕಥನ ಅಂದುಕೊಂಡು ಓದಬೇಡಿ. ಜಗಳ ಆಡೋಕೇ ಬರೀತಿದ್ದೀನಿ. ಈ ಹಾಲ್ ಬಗ್ಗೆ ನಮ್ಮ ಸ್ನೇಹಿತರ ಗುಂಪಿನಲ್ಲಿ ಮಾತು ಬಂದಾಗಲೆಲ್ಲ ಒಂದು ಡೈಲಾಗ್ ಕೇಳಿಸಿಕೊಂಡು ಸಾಕಾಗಿದೆ. "ಅದೇನ್ರೀ ಅದು, ಕನ್ಸರ್ಟ್ ಹಾಲೋ ಬಸ್ ಸ್ಟ್ಯಾಂಡೋ? ಒಬ್ಬ ಲ್ಯಾಪ್‌ಟಾಪ್ ಇಟ್ಕೊಂಡು ಬಿಟ್ಟಿ ವೈಫೈನಲ್ಲಿ ಕೂತಿರ್ತಾನೆ, ಇನ್ನೊಬ್ಬ ಮನೆಯಿಂದ ತಂದ ಡಬ್ಬಿ ಬಿಚ್ಚಿರ್ತಾನೆ, ಮಕ್ಕಳು ಓಡಾಡ್ತಿರ್ತವೆ. ಇವರಲ್ಲಿ ಒಬ್ಬರಾದ್ರೂ ಟಿಕೆಟ್ ತಗೋತಾರಾ? ಕಲೆಗೆ ಒಂದು ಗೌರವ ಬೇಡ್ವಾ?"

ಇರಲಿ. ಮೊದಲು ಕಟ್ಟಡದ ಬಗ್ಗೆ ಸ್ವಲ್ಪ ಹೇಳ್ತೀನಿ, ಆಮೇಲೆ ಗೌರವದ ವಿಷಯಕ್ಕೆ ಬರೋಣ.

ಈ ಹಾಲ್ ತೆರೆದದ್ದು 1951ರ ಮೇ ತಿಂಗಳಲ್ಲಿ. ಯುದ್ಧ ಮುಗಿದು ಆರು ವರ್ಷ ಆಗಿತ್ತು, ಆದರೂ ಬ್ರಿಟನ್ನಿನಲ್ಲಿ ಮಾಂಸ, ಸಕ್ಕರೆ ಎಲ್ಲಾ ಇನ್ನೂ ರೇಷನ್ನಿನಲ್ಲಿ. ಅಂಥ ಹೊತ್ತಿನಲ್ಲಿ 'ಫೆಸ್ಟಿವಲ್ ಆಫ್ ಬ್ರಿಟನ್' ಅಂತ ಒಂದು ಉತ್ಸವ ಮಾಡಿದರು. ಈ ದಡದ ಪ್ರದರ್ಶನ ನೋಡೋಕೆ 80 ಲಕ್ಷಕ್ಕೂ ಹೆಚ್ಚು ಜನ ಬಂದರು. ಅದೇ ವರ್ಷ ಸರ್ಕಾರ ಬದಲಾಯಿತು, ಚರ್ಚಿಲ್ ವಾಪಸ್ ಬಂದರು, ಉತ್ಸವದ ಕಟ್ಟಡಗಳೆಲ್ಲ ನೆಲಸಮ ಆದವು. ಉಳಿದದ್ದು ಈ ಹಾಲ್ ಮಾತ್ರ, ಯಾಕಂದ್ರೆ ಇದನ್ನು ಮೊದಲಿನಿಂದಲೂ ಶಾಶ್ವತ ಅಂತಲೇ ಕಟ್ಟಿದ್ದರು. ಕಟ್ಟಿಸಿದ್ದು ಲಂಡನ್ ಕೌಂಟಿ ಕೌನ್ಸಿಲ್, ಅಂದರೆ ಊರಿನ ಜನರ ದುಡ್ಡು.

ಎಂಜಿನಿಯರಿಂಗ್ ಓದಿದವನಿಗೆ ಇಷ್ಟವಾಗೋ ಭಾಗ ಈಗ ಬರುತ್ತೆ. ಪಕ್ಕದಲ್ಲೇ ಹಂಗರ್‌ಫರ್ಡ್ ಸೇತುವೆ, ಅದರ ಮೇಲೆ ಚೇರಿಂಗ್ ಕ್ರಾಸಿಗೆ ಹೋಗೋ ರೈಲುಗಳು ದಿನವಿಡೀ ಗಡಗಡ. ಅಂಥಾ ಜಾಗದಲ್ಲಿ ಪಿಯಾನೋ ಕಚೇರಿ ಹೇಗೆ ಮಾಡೋದು? ಲೆಸ್ಲಿ ಮಾರ್ಟಿನ್ ಮತ್ತವರ ಜೊತೆಯವರು ಕಂಡುಕೊಂಡ ಉಪಾಯ 'ಪೆಟ್ಟಿಗೆಯೊಳಗಿನ ಮೊಟ್ಟೆ'. ಸಂಗೀತ ಕೇಳೋ ಸಭಾಂಗಣವನ್ನು ಮೊಟ್ಟೆಯ ಹಾಗೆ ಮೇಲಕ್ಕೆತ್ತಿ ಕಂಬಗಳ ಮೇಲೆ ಕೂರಿಸಿದರು, ಸುತ್ತ ಇನ್ನೊಂದು ಕಟ್ಟಡವನ್ನೇ ಕವಚ ಮಾಡಿದರು. ಮೊಟ್ಟೆ ಮೇಲೆ ಹೋದದ್ದರಿಂದ ಕೆಳಗೆ, ಸುತ್ತಮುತ್ತ ದೊಡ್ಡ ಜಾಗ ಖಾಲಿ ಉಳೀತು. ನದಿ ಕಡೆಗೆ ಗಾಜು, ಮಹಡಿಯಿಂದ ಮಹಡಿಗೆ ಅಗಲವಾದ ಮೆಟ್ಟಿಲು. ರೈಲಿನ ಗಲಾಟೆ ತಪ್ಪಿಸಲು ಹೋಗಿ ಊರಿಗೊಂದು ಜಗಲಿ ಸಿಕ್ಕಿತು!

ಆದರೆ ಜಗಲಿ ಇದ್ದ ಮಾತ್ರಕ್ಕೆ ಕೂರೋಕೆ ಬಿಡ್ತಾರೆ ಅಂತೇನಿಲ್ಲವಲ್ಲ? ಮೂವತ್ತಕ್ಕೂ ಹೆಚ್ಚು ವರ್ಷ ಒಳಗೆ ಕಾಲಿಡಬೇಕಾದ್ರೆ ಕಚೇರಿಯ ಟಿಕೆಟ್ ಬೇಕಿತ್ತು. ಹಗಲು ಹೊತ್ತು ಬಾಗಿಲು ಮುಚ್ಚಿರೋದು. 1983ರಲ್ಲಿ ಗ್ರೇಟರ್ ಲಂಡನ್ ಕೌನ್ಸಿಲ್ ಒಂದು ಸರಳವಾದ ಕೆಲಸ ಮಾಡಿತು. ಹಗಲಲ್ಲೂ ಬಾಗಿಲು ತೆಗೆಯಿರಿ, ಯಾರು ಬೇಕಾದ್ರೂ ಬರಲಿ ಅಂತು. ಹೊಸ ಕಟ್ಟಡ ಕಟ್ಟಲಿಲ್ಲ. ಬಾಗಿಲು ತೆಗೆದರು, ಅಷ್ಟೇ.

ಮೂರೇ ವರ್ಷಕ್ಕೆ, 1986ರಲ್ಲಿ, ಥ್ಯಾಚರ್ ಸರ್ಕಾರ ಆ ಕೌನ್ಸಿಲನ್ನೇ ರದ್ದು ಮಾಡಿತು. ಕೌನ್ಸಿಲ್ ಇದ್ದ ಕೌಂಟಿ ಹಾಲ್ ಖಾಸಗಿಯವರಿಗೆ ಮಾರಾಟವಾಯಿತು. ನೀವು ಲಂಡನ್ ಐ ಫೋಟೋ ತೆಗೆಯುವಾಗ ಪಕ್ಕದಲ್ಲೇ ಕಾಣೋ ಉದ್ದನೆಯ ಹಳೇ ಕಟ್ಟಡ ಅದು. ಈಗ ಅಲ್ಲಿ ಹೋಟೆಲು, ಅಕ್ವೇರಿಯಮ್ಮು. ಒಂದು ಕಾಲಕ್ಕೆ ಊರಿನ ಆಡಳಿತ ನಡೀತಿದ್ದ ಕಟ್ಟಡದೊಳಗೆ ಈಗ ಮೀನು ನೋಡೋಕೆ ಟಿಕೆಟ್. ಆದರೆ ಆ ಕೌನ್ಸಿಲ್ ತೆರೆದ ಹಾಲಿನ ಬಾಗಿಲು ಮಾತ್ರ ತೆರೆದೇ ಇದೆ. ಎರಡಕ್ಕೂ ಮಧ್ಯೆ ಐದಾರು ನಿಮಿಷದ ನಡಿಗೆ. ಒಂದೂರಿನ ಆಸ್ತಿಗೆ ಆಗಬಹುದಾದ ಎರಡು ಗತಿಯನ್ನೂ ಆ ಐದಾರು ನಿಮಿಷದಲ್ಲೇ ನೋಡಬಹುದು.

ಒಳಗೆ ಏನಿದೆ ಅಂತೀರಾ? ಕೆಳಗಡೆ ನೆಲದ ಮೇಲೆ ಯಾರೋ ಹುಡುಗರು ಗುಂಪು ಕಟ್ಟಿಕೊಂಡು ಡಾನ್ಸ್ ಪ್ರಾಕ್ಟೀಸ್ ಮಾಡ್ತಿರ್ತಾರೆ. ಒಂದು ಲಿಫ್ಟ್ ಇದೆ, ಮೇಲೆ ಹೋಗ್ತಾ ಗಾಯಕವೃಂದದ ದನಿ ಏರುತ್ತೆ, ಕೆಳಗೆ ಬರ್ತಾ ಇಳಿಯುತ್ತೆ. ಮಾರ್ಟಿನ್ ಕ್ರೀಡ್ ಅನ್ನೋ ಕಲಾವಿದನ ಕೃತಿ ಅದು (ನಾನಂತೂ ಸುಮ್ಸುಮ್ನೆ ಮೂರು ಸಲ ಹತ್ತಿಳಿದಿದ್ದೀನಿ :)). ಐದನೇ ಮಹಡಿಯಲ್ಲಿ ಕವಿತೆಗಳಿಗೆ ಅಂತಲೇ ಒಂದು ಗ್ರಂಥಾಲಯ. 1953ರಲ್ಲಿ ಶುರುವಾಗಿ 1988ರಲ್ಲಿ ಇಲ್ಲಿಗೆ ಬಂತು. ಅದಕ್ಕೂ ದುಡ್ಡಿಲ್ಲ. ಚಳಿಗಾಲದ ಶನಿವಾರ ಇಲ್ಲಿ ಕೂತವರನ್ನ ಸ್ವಲ್ಪ ಗಮನಿಸಿ. ಸಣ್ಣ ರೂಮಿನಲ್ಲಿ ಮೂರು ಜನ ಇರೋ ವಿದ್ಯಾರ್ಥಿ, ಮನೇಲಿ ಮಾತಾಡೋಕೆ ಯಾರೂ ಇಲ್ಲದ ಮುದುಕರು, ಮಗು ಎತ್ತಿಕೊಂಡು ಬಂದ ತಾಯಿ. ಈ ಊರಲ್ಲಿ ಒಂದು ಕಾಫಿಯನ್ನೂ ಕೊಳ್ಳದೆ ಮಳೆ ನಿಲ್ಲೋವರೆಗೆ ಮರ್ಯಾದೆಯಿಂದ ಕೂರೋಕೆ ಎಷ್ಟು ಜಾಗ ಇದೆ, ನೀವೇ ಹೇಳಿ. ಇವರನ್ನ "ಬಿಟ್ಟಿ ಕೂರೋರು" ಅಂತೀರಲ್ಲ, ಈ ಹಾಲ್ ಕಟ್ಟಿದ್ದೇ ಇಂಥವರ ತೆರಿಗೆಯಲ್ಲಿ ಸ್ವಾಮೀ.

ಗೌರವದ ಮಾತಿಗೆ ಬರೋಣ. ಮೇಲಿನ ಮೊಟ್ಟೆಯಲ್ಲಿ ಸಂಗೀತ ನಡೀತಿರುವಾಗ ಕೆಳಗೆ ಡಬ್ಬಿ ಬಿಚ್ಚಿದವನಿಂದ ಯಾರಿಗೆ ಏನು ತೊಂದರೆ? ರೈಲಿನ ಸದ್ದನ್ನೇ ತಡೆಯಲೆಂದು ಕಟ್ಟಿದ ಗೋಡೆಗಳು ಡಬ್ಬಿಯ ಮುಚ್ಚಳದ ಸದ್ದು ತಡೆಯಲ್ವಾ? ಎರಡು ಸಾವಿರಕ್ಕೂ ಹೆಚ್ಚು ಜನ ಕೂರೋ ಆ ಸಭಾಂಗಣಕ್ಕೆ ಟಿಕೆಟ್ ಇಡಿ, ಯಾರು ಬೇಡ ಅಂದ್ರು? ವಾದ್ಯ ನುಡಿಸೋರಿಗೂ ಹೊಟ್ಟೆ ಇದೆ. ನಾನು ಹೇಳ್ತಿರೋದು ಜಗಲಿಯ ಬಗ್ಗೆ. ಬಾಗಿಲ ಹೊರಗೇ ನಿಲ್ಲಿಸಿದವನಿಗೆ ಕಲೆ ಮೇಲೆ ಬರೋದು ಗೌರವ ಅಲ್ಲ, ಭಯ. ನಮ್ಮೂರಿನ ಒಂದು ಸಭಾಂಗಣದಲ್ಲಿ (ಹೆಸರು ಬೇಡ) ಮುಂದಿನ ವಾರ ಯಾವ ನಾಟಕ ಅಂತ ಬೋರ್ಡ್ ನೋಡೋಕೆ ಹೋದವನನ್ನ ವಾಚ್‌ಮನ್ "ಪಾಸ್ ಇದೆಯಾ?" ಅಂತ ಗೇಟಲ್ಲೇ ತಡೆದಿದ್ದ. ಬೋರ್ಡ್ ಓದೋಕೂ ಪಾಸು! ಆವತ್ತು ನನಗೆ ಕಲೆ ಮೇಲೆ ಗೌರವ ಏನೂ ಹೆಚ್ಚಲಿಲ್ಲ.

ಎದುರಾಳಿಗಳ ಬಳಿ ಗಟ್ಟಿಯಾದ ವಾದ ಒಂದಿದೆ, ಅದನ್ನ ಮುಚ್ಚಿಡೋದಿಲ್ಲ. ದುಡ್ಡು ಎಲ್ಲಿಂದ? ದೀಪ, ಹೀಟಿಂಗ್, ಕಸ ಗುಡಿಸೋರು, ಎಲ್ಲಕ್ಕೂ ಖರ್ಚಿದೆ. 2020ರ ಕೋವಿಡ್ ಹೊಡೆತಕ್ಕೆ ಈ ಸಂಸ್ಥೆಯಲ್ಲೇ ನೂರಾರು ಜನರ ಕೆಲಸಕ್ಕೆ ಕುತ್ತು ಬಂತು. ಹಾಗಾಗಿ, ಖಾಲಿ ಜಾಗ ಬಾಡಿಗೆಗೆ ಕೊಟ್ಟರೆ ತಪ್ಪೇನು ಅಂತಾರೆ.

ಇದಕ್ಕೂ ಉತ್ತರ ಪಕ್ಕದಲ್ಲೇ ಇದೆ. ಇದೇ ಸಮುಚ್ಚಯದ ಕ್ವೀನ್ ಎಲಿಜಬೆತ್ ಹಾಲ್ ಕೆಳಗೆ ಕಾಂಕ್ರೀಟ್ ಕಂಬಗಳ ನಡುವೆ 1970ರ ದಶಕದಿಂದ ಹುಡುಗರು ಸ್ಕೇಟ್‌ಬೋರ್ಡ್ ಆಡ್ತಾ ಬಂದಿದ್ದಾರೆ. 2013ರಲ್ಲಿ ಆಡಳಿತದವರು ಒಂದು ಯೋಜನೆ ತಂದರು. ಹುಡುಗರನ್ನ ಬೇರೆ ಕಡೆ ಕಳಿಸಿ, ಆ ಜಾಗದಲ್ಲಿ ಅಂಗಡಿ, ಹೋಟೆಲು ಮಾಡಿ, ಬಂದ ಬಾಡಿಗೆಯಿಂದ ಕಟ್ಟಡ ವಿಸ್ತರಿಸೋದು ಅಂತ. ಹುಡುಗರು ಬಿಡಲಿಲ್ಲ. ಮೇಜು ಹಾಕಿಕೊಂಡು ದಾರಿಹೋಕರಿಂದ ಸಹಿ ಸಂಗ್ರಹಿಸಿದರು. 2014ರಲ್ಲಿ ಯೋಜನೆ ಕೈಬಿಟ್ಟು, ಆ ಜಾಗ ಹಾಗೇ ಇರುತ್ತೆ ಅಂತ ಒಪ್ಪಂದವಾಯಿತು. ಆಮೇಲೆ ಕಟ್ಟಡಗಳು ಕುಸಿದು ಬಿದ್ದವಾ? ಇಲ್ಲ. ದೊಡ್ಡ ವಿಸ್ತರಣೆ ಇಲ್ಲದೆಯೇ ರಿಪೇರಿಗೆ ಬೇರೆ ದಾರಿಯಿಂದ ದುಡ್ಡು ಬಂತು, 2018ರಲ್ಲಿ ಕ್ವೀನ್ ಎಲಿಜಬೆತ್ ಹಾಲ್, ಹೇವರ್ಡ್ ಗ್ಯಾಲರಿ ಎರಡೂ ಮತ್ತೆ ತೆರೆದವು. 2019ರಲ್ಲಿ ಸ್ಕೇಟ್ ಜಾಗದ ಮುಚ್ಚಿಹೋಗಿದ್ದ ಇನ್ನೊಂದು ಭಾಗವೂ ತೆರೆಯಿತು. "ಬೇರೆ ದಾರಿಯೇ ಇಲ್ಲ" ಅಂತ ಮ್ಯಾನೇಜ್‌ಮೆಂಟಿನವರು ಹೇಳಿದಾಗ ಅದನ್ನ ಎಷ್ಟು ನಂಬಬೇಕು ಅಂತ ಪ್ರಾಜೆಕ್ಟ್‌ಗಳಲ್ಲಿ ಕೆಲಸ ಮಾಡೋರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಹಾಗಂತ ಅಪಾಯ ಕಳೆದಿದೆ ಅಂತಲ್ಲ. ಫೆಸ್ಟಿವಲ್ ಹಾಲಿನ ನದಿ ಕಡೆಯ ನೆಲಮಹಡಿ ಆಗಲೇ ಚೈನ್ ರೆಸ್ಟೋರೆಂಟುಗಳ ಸಾಲು. ಜಗಲಿ ಹೋಗೋದು ಒಂದೇ ದಿನದಲ್ಲಿ ಅಲ್ಲ. ಇವತ್ತು ಒಂದು ಮೂಲೆಗೆ ಕಾಫಿ ಕೌಂಟರ್, ನಾಳೆ ನಾಲ್ಕು ಮೇಜಿನ ಮೇಲೆ "ಗ್ರಾಹಕರಿಗೆ ಮಾತ್ರ" ಅನ್ನೋ ಚೀಟಿ, ನಾಡಿದ್ದು "ಖಾಸಗಿ ಕಾರ್ಯಕ್ರಮ" ಅಂತ ಹಗ್ಗ. ಯಾರೂ ಬಾಗಿಲು ಮುಚ್ಚಿರೋಲ್ಲ, ಆದರೂ ಒಂದು ದಿನ ಕೂರೋಕೆ ಜಾಗ ಇರೋಲ್ಲ. ಅದಕ್ಕೇ ಹೇಳೋದು, ಆ ಕುರ್ಚಿಗಳು ಖಾಲಿ ಇರಬಾರದು. ಕೂತವರು ಇದ್ದಷ್ಟು ದಿನ ಎಬ್ಬಿಸೋದು ಕಷ್ಟ.

ಮುಂದಿನ ಸಲ ಲಂಡನ್ನಿಗೆ ಬಂದಾಗ ಬಸವಣ್ಣನ ಜೊತೆ ಫೋಟೋ ಆದಮೇಲೆ ಐದು ನಿಮಿಷ ಹೆಚ್ಚಿಗೆ ನಡೀರಿ. ಟಿಕೆಟ್ ಕೊಳ್ಳಲೇಬೇಕು ಅಂತೇನೂ ಇಲ್ಲ. ಒಳಗೆ ಹೋಗಿ ಸುಮ್ಮನೆ ಕೂತ್ಕೊಳ್ಳಿ. ಡಬ್ಬಿ ತಂದಿದ್ರೆ ಬಿಚ್ಚಿ. ಯಾರಾದ್ರೂ ಬಂದು ಎಬ್ಬಿಸ್ತಾರೇನೋ ನೋಡಿ, ಆಮೇಲೆ ಬಂದು ನನ್ನ ಜೊತೆ ಜಗಳ ಆಡಿ.

ಏನಂತೀರಿ?