ತೆರಿಗೆಯಿಲ್ಲದ ನಾಡಿನ ತೆರಿಗೆ

ಮಗ್ಗದ ಕೂಲಿ ಸಾಲದೆ, ಮಳೆ ನಂಬಿದ ಹೊಲ ಸಾಕದೆ ಊರು ಬಿಡುವುದು ಕೊಳ್ಳೇಗಾಲ, ಹನೂರು, ಯಳಂದೂರಿನ ದುಡಿಯುವ ಜನರಿಗೆ ಹೊಸದಲ್ಲ. ಕೆಲವರ ಕಣ್ಣು ಈಗ ಕೊಲ್ಲಿ ರಾಷ್ಟ್ರಗಳ ಮೇಲೆ. ಅಂಥವರ ಮುಂದೆ ಏಜೆಂಟರು ಆಡುವ ಮಾತು ಒಂದೇ: “ಅಲ್ಲಿ ತೆರಿಗೆಯೇ ಇಲ್ಲ, ದುಡಿದದ್ದೆಲ್ಲ ನಿನ್ನದೇ.” ಇದರಲ್ಲಿ ಅರ್ಧ ನಿಜ. ಮುಚ್ಚಿಟ್ಟ ಇನ್ನರ್ಧವೇ ಮನೆ ಮುರಿಯುವಂಥದು.

ಸೌದಿ ಅರೇಬಿಯದಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ, ದುಬೈಯಲ್ಲೂ ಇಲ್ಲ. ಆದರೆ 2018ರ ಜನವರಿ 1ರಿಂದ ಎರಡೂ ಕಡೆ ಕೊಳ್ಳುವ ಸರಕಿನ ಮೇಲೆ ಶೇ. 5 ತೆರಿಗೆ ಬಂತು. ಸೌದಿ ಸರ್ಕಾರ 2020ರ ಜುಲೈಯಲ್ಲಿ ಅದನ್ನು ಒಂದೇ ಏಟಿಗೆ ಶೇ. 15 ಮಾಡಿತು. ಎಣ್ಣೆ ಬಾವಿಯ ಒಡೆಯನಿಗೂ ಗಾರೆ ಹೊರುವ ಕೂಲಿಗೂ ಅಂಗಡಿಯಲ್ಲಿ ಒಂದೇ ದರ! ಸಮಾನತೆ ಬೇರೆಲ್ಲೂ ಇಲ್ಲದಿದ್ದರೂ ಇಲ್ಲಿ ಮಾತ್ರ ಇದೆ.

ಹೆಂಡತಿ ಮಕ್ಕಳನ್ನು ಕರೆಸಿಕೊಂಡವನ ಪಾಡು ಇನ್ನೂ ಕಷ್ಟ. ಸೌದಿಯಲ್ಲಿ 2017ರ ಜುಲೈಯಿಂದ ಅವಲಂಬಿತರ ತಲೆಗೆ ತಿಂಗಳಿಗೆ 100 ರಿಯಾಲ್ ಕಂದಾಯ ಹಾಕಿದರು. ವರ್ಷ ವರ್ಷವೂ ನೂರು ನೂರು ಏರಿ 2020ಕ್ಕೆ 400 ಆಯಿತು. ಹೆಂಡತಿ, ಇಬ್ಬರು ಮಕ್ಕಳು ಎಂದರೆ ವರ್ಷಕ್ಕೆ 14,400 ರಿಯಾಲ್. ಇದನ್ನು ತೆರಲಾರದೆ ಸಂಸಾರವನ್ನು ಊರಿಗೆ ಕಳಿಸಿದ ಭಾರತೀಯರು ಬಹಳ. ಸುಂಕದವನ ಮುಂದೆ ಸುಖದುಃಖ ಹೇಳಿ ಫಲವೇನು? ಇಷ್ಟು ತೆತ್ತವನಿಗೆ ಅಲ್ಲಿ ಮತವಿಲ್ಲ, ಸಂಘ ಕಟ್ಟುವ ಹಕ್ಕೂ ಇಲ್ಲ.

ಊಟ, ವಸತಿ ಯಾರ ಲೆಕ್ಕದಲ್ಲಿ ಎಂಬುದು ಸಂಬಳದಷ್ಟೇ ದೊಡ್ಡ ಪ್ರಶ್ನೆ. ಕತಾರ್ 2021ರಲ್ಲಿ 1,000 ರಿಯಾಲ್ ಕನಿಷ್ಠ ಕೂಲಿ ಗೊತ್ತುಮಾಡಿದಾಗ, ಮಾಲೀಕ ವಸತಿ ಕೊಡದಿದ್ದರೆ 500, ಊಟ ಹಾಕದಿದ್ದರೆ 300 ರಿಯಾಲ್ ಬೇರೆಯಾಗಿ ಕೊಡಬೇಕೆಂದು ವಿಧಿಸಿತು. ಅಂದರೆ ಈ ಎರಡರ ಬಾಬ್ತೇ ಕೂಲಿಯ ಮುಕ್ಕಾಲು ಪಾಲಿಗಿಂತ ಹೆಚ್ಚು. ಕರಾರಿನಲ್ಲಿ ಈ ಒಂದು ಸಾಲು ಇಲ್ಲದವನು ಊರಿಗೆ ಕಳಿಸುವುದಾದರೂ ಏನನ್ನು?

ನಮ್ಮ ಸರ್ಕಾರವೇನೂ ಹಿಂದೆ ಬಿದ್ದಿಲ್ಲ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಶುಲ್ಕಕ್ಕೆ 30,000 ರೂಪಾಯಿ ಮಿತಿ ಇದೆ. ಅದರ ಮೇಲೆ ಶೇ. 18 ಜಿಎಸ್‌ಟಿ. ವಿಮಾನ ಹತ್ತುವ ಮೊದಲೇ 5,400 ರೂಪಾಯಿ ತೆರಿಗೆ! ಅವನು ಕಳಿಸಿದ ಹಣದಲ್ಲಿ ಮನೆಯವರು ಸಿಮೆಂಟು, ಸೋಪು ಕೊಂಡಾಗ ಮತ್ತೆ ತೆರಿಗೆ. 2017ರಿಂದ ಈ ಜಿಎಸ್‌ಟಿಯ ಲೆಕ್ಕ ಬರೆದು ಬೇಸತ್ತ ನಮ್ಮ ಚಿಲ್ಲರೆ ವ್ಯಾಪಾರಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮಿತಿಗಿಂತ ಒಂದು ಕಾಸು ಹೆಚ್ಚು ಕೇಳುವ ಏಜೆಂಟನ ಮೇಲೆ ಜಿಲ್ಲಾಡಳಿತ ಮೊಕದ್ದಮೆ ಹೂಡಬೇಕು. ಸಂಬಳ, ಊಟ, ಬಾಡಿಗೆ, ತಲೆಗಂದಾಯ ಇಷ್ಟನ್ನೂ ಕನ್ನಡದಲ್ಲಿ ಬರೆದ ಲೆಕ್ಕಪತ್ರ ಹೋಗುವವನ ಕೈಗೆ ಸಿಗಬೇಕು. ಅದನ್ನು ಓದಿ ಹೇಳಲು ಮೂರು ತಾಲ್ಲೂಕು ಕಚೇರಿಗಳಲ್ಲೂ ವಾರಕ್ಕೊಂದು ದಿನ ಒಬ್ಬ ಅಧಿಕಾರಿ ಕೂರಲಿ. ಅಲ್ಲಿಯವರೆಗೆ, ಹೊಲ ಅಡವಿಟ್ಟು ಮುಂಗಡ ಕೊಡಬೇಡಿ.