ಕೊನೀಗೆ ಉಣ್ಣಾಕಿಗೂ ಒಂದು ತುಂಡು

ಅಕ್ಕಾರ, ತಂಗ್ಯಾರ, ಹೋಟೆಲಿನ್ಯಾಗ 'ಮೆಕ್ಸಿಕನ್ ಚಿಕನ್ ಸೂಪ್' ಅಂತ ಸಣ್ಣ ಬಟ್ಟಲದಾಗ ಕಾರ್ನ್‌ಫ್ಲೋರಿನ ಗಂಜಿ ಕೊಡ್ತಾರಲ್ಲ, ಅದನ್ನ ಕುಡಿದು ಮೆಕ್ಸಿಕೋದವರ ಅಡಿಗಿ ಇಷ್ಟೇ ಅಂತ ತಿಳ್ಕೋಬ್ಯಾಡ್ರಿ. ಅಲ್ಲಿ ಮನಿಗಳಾಗ ಮಾಡೋದು 'ಕಾಲ್ದೊ ದೆ ಪೊಯೊ'. ಕಾಲ್ದೊ ಅಂದ್ರ ತಿಳಿಸಾರು, ಪೊಯೊ ಅಂದ್ರ ಕೋಳಿ. ಊಟಕ್ಕ ಮುಂಚೆ ಹೀರೋದಲ್ಲ ಅದು, ಅದೇ ಊಟ.

ಇದನ್ನ ನಾವೂ ತಿಂಗಳಿಗೊಮ್ಮೆಯಾದ್ರೂ ಮಾಡಬೇಕು ಅಂತೀನಿ ನಾನು. ರುಚಿಗಷ್ಟೇ ಅಲ್ಲ, ಬಡಸೋ ರೀತಿಗೆ.

ನಮ್ಮ ಮನಿಗಳಾಗ ಕೋಳಿ ಸಾರು ಮಾಡಿದ ದಿನ ಏನಾಗ್ತೈತಿ ಹೇಳ್ರಿ. ಕಾಲಿನ ತುಂಡು ಮಕ್ಕಳಿಗೆ, ಎದಿ ತುಂಡು ಗಂಡಸರಿಗೆ, ಬೀಗರು ಬಂದ್ರಂತೂ ಮುಗದೇ ಹೋತು. ರೊಟ್ಟಿ ಬಡದು ಬೆವತಾಕಿ ಕೊನೀಗೆ ಕುಂತಾಗ ಬೋಗಾಣಿ ತಳದಾಗ ಕುತ್ತಿಗಿ ಎಲಬು, ಮ್ಯಾಲೆ ಒಂದೀಟು ಸಾರು. "ನನಗ ಸಾರೇ ಸೇರತೈತಿ" ಅಂತ ನಾವೇ ಹೇಳ್ಕೋತೀವಿ. ಖರೇನ ಸೇರತೈತೋ, ರೂಢಿ ಆಗಿಬಿಟ್ಟೈತೋ?

ಕಾಲ್ದೊದಾಗ ಎಲ್ಲಾನೂ ದೊಡ್ಡ ದೊಡ್ಡ ತುಂಡು, ಎಣಿಸಾಕ ಬರ್ತಾವ. ಆರು ಮಂದಿ ಅಂದ್ರ ಒಂದು ಕಿಲೋ ಎಲಬಿನ ಕೋಳಿ ತಗೊಂಡು ಆರೇ ತುಂಡು ಮಾಡಸ್ರಿ. ಎರಡೂವರಿ ಲೀಟರ್ ತಣ್ಣೀರಾಗ ಅದನ್ನ ಹಾಕಿ, ಅರ್ಧ ಉಳ್ಳಾಗಡ್ಡಿ, ಐದಾರು ಎಸಳು ಬಳ್ಳೊಳ್ಳಿ, ಒಂದು ಹಿಡಿ ಕೋತಂಬರಿ ದಂಟು, ಉಪ್ಪು ಕೂಡಸ್ರಿ. ಸಣ್ಣ ಉರಿ ಇರಲಿ. ಮ್ಯಾಲೆ ಬರೋ ನೊರಿ ಸೌಟಿನಿಂದ ತಗೀತಾ ಇದ್ರ ಸಾರು ತಿಳಿ ಬರ್ತೈತಿ. ಕುಕ್ಕರ್ ಬ್ಯಾಡ, ತರಕಾರಿ ಮುದ್ದಿ ಆಗ್ತಾವ. ಅರ್ಧ ತಾಸಿನ ಮ್ಯಾಲೆ ಎಳೆ ಗೋವಿನಜೋಳದ ತೆನಿ ತುಂಡು, ಗಜ್ಜರಿ, ಆಲೂಗಡ್ಡಿ ಹಾಕ್ರಿ. ಮತ್ತ ಕಾಲು ತಾಸು ಬಿಟ್ಟು ಕ್ಯಾಬೇಜು, ಸೀಮೆಬದನೆಕಾಯಿ ಹಾಕಿ, ಮೆತ್ತಗ ಆದ ಕೂಡ್ಲೆ ಇಳಸ್ರಿ. ಜವಾರಿ ಕೋಳಿ ಆದ್ರ ತರಕಾರಿ ಹಾಕೂಕಿಂತ ಮುಂಚೆ ಒಂದು ತಾಸಿಗಿಂತ ಹೆಚ್ಚು ಬೇಕಾಗ್ತೈತಿ.

"ಮಸಾಲಿ ಇಲ್ಲ, ಖಾರಿಲ್ಲ, ನಮ್ಮವರು ಒಲ್ಲೆ ಅಂತಾರ" ಅಂತೀರಿ. ಖಾರ ಬಟ್ಟಲದಾಗ ಕೂಡ್ತೈತ್ರಿ. ಹೆಚ್ಚಿದ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕೋತಂಬರಿ, ಲಿಂಬಿಹಣ್ಣಿನ ಹೋಳು ನಡುವ ಇಡ್ತಾರ, ಬೆಣ್ಣೆಹಣ್ಣು ಇದ್ರ ಅದೂ. ಯಾರಿಗೆ ಎಷ್ಟು ಬೇಕೋ ಅವರವರೇ ಹಾಕ್ಕೋಬೇಕು. "ಉಪ್ಪು ತಾ, ಲಿಂಬಿ ತಾ" ಅಂತ ಅಡಿಗಿಯಾಕಿನ್ನ ಹತ್ತು ಸಲ ಎಬ್ಬಸೋದು ತಪ್ತೈತಿ. ನಮ್ಮ ಹಿರ್ಯಾರಿಗೆ, ಜ್ವರ ಬಿಟ್ಟು ಎದ್ದವರಿಗೆ ಖಾರ ಇಲ್ದ ಹಂಗೇ ಕೊಡಬಹುದು. ಬ್ಯಾರೆ ಅಡಿಗಿ ಮಾಡೋ ಕೆಲಸಿಲ್ಲ.

ಇನ್ನ "ಪರದೇಶದ್ದು ನಮಗ್ಯಾಕ" ಅನ್ನೋ ಮಾತು. ಗೋವಿನಜೋಳ ಸುಮಾರು 9,000 ವರ್ಷದ ಹಿಂದ ಮೆಕ್ಸಿಕೋದ ರೈತರು ಕಾಡುಹುಲ್ಲಿನಿಂದ ಬೆಳೆಸಿ ತಂದಿದ್ದು. ಮೆಣಸಿನಕಾಯಿ, ಟೊಮ್ಯಾಟೊ, ಸೀಮೆಬದನೆ, ಇವೂ ಆ ಕಡೇವೇ. ಪೋರ್ಚುಗೀಸರು ಮೆಣಸಿನಕಾಯಿ ತರದಿದ್ರ ನಮಗ ಬ್ಯಾಡಗಿ ಎಲ್ಲಿಂದ ಬರ್ತಿತ್ತು? ಅಲ್ಲಿಯವರು ಕಾಲ್ದೊ ಜೋಡಿ ತೋರ್ತಿಯಾ ತಿಂತಾರ. ಗೋವಿನಜೋಳ ಸುಣ್ಣದ ನೀರಾಗ ಕುದಿಸಿ, ಅರದು, ತಟ್ಟಿ ಹಂಚಿನ ಮ್ಯಾಲೆ ಸುಡತಾರ. ನಮ್ಮಲ್ಲಿ ಜೋಳದ ರೊಟ್ಟಿ ಸಾಕು. ಅದನ್ನೂ ಮುಂಚೇನೇ ಬಡದು ಬುಟ್ಟಿಗೆ ಹಾಕಿಡ್ರಿ.

ಇಷ್ಟೆಲ್ಲಾ ಮಾಡಿ, ಹಳೇ ರೂಢಿಯಂಗ ಒಬ್ಬೊಬ್ಬರಿಗೇ ಬಡಸ್ಕೋತ ನಿಂತ್ರ ಉಪಯೋಗಿಲ್ಲ ಮತ್ತ. ಮನ್ಯಾಗ ಎಷ್ಟು ಮಂದಿಯೋ ಅಷ್ಟು ಬಟ್ಟಲ ಮೊದಲೇ ಸಾಲಾಗಿ ಇಡ್ರಿ, ನಿಮ್ಮದೂ ಸೇರಿಸಿ. ಪ್ರತಿ ಬಟ್ಟಲಕ್ಕ ಒಂದು ಕೋಳಿ ತುಂಡು, ಒಂದು ತೆನಿ ತುಂಡು ಹಾಕಿ, ಆಮ್ಯಾಲೆ ಎಲ್ಲಾರನ್ನೂ ಕರೀರಿ. ಮಗಳು, ಸೊಸಿ ನೋಡ್ತಿರ್ತಾರ. ತಾಯಿ ಪಾಲು ಅಂದ್ರ ತಳದಾಗ ಉಳಿದದ್ದು ಅಂತ ಅವರು ಕಲಿಯೋದು ಬ್ಯಾಡ.